ಹೊಸ ಉಕ್ಕು ಮಂತ್ರಿ ಬಂದಾಯಿತು, ಭದ್ರಾವತಿಯ ಕಾರ್ಮಿಕ ಸಂಘ ಮೊದಲು ಏನು ಕೇಳಬೇಕು?

ನ್ಯೂಟೌನ್ ಹುಡುಗ

ಎಲ್ಲರಿಗೂ ನಮಸ್ಕಾರ. ಈ ಜೂನ್ 11ಕ್ಕೆ (2024) ಕುಮಾರಸ್ವಾಮಿಯವರು ದೆಹಲಿಯಲ್ಲಿ ಉಕ್ಕು ಖಾತೆ ವಹಿಸಿಕೊಂಡರಲ್ಲ, ಅವತ್ತಿನಿಂದ ನಮ್ಮ ನ್ಯೂಟೌನಿನಲ್ಲಿ ಬೇರೆ ಮಾತೇ ಇಲ್ಲ. ಕನ್ನಡದವರೇ ಮಂತ್ರಿ, ಇನ್ನೇನು ನಮ್ಮ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಪೂರ್ತಿ ಶುರುವಾದ ಹಾಗೇ ಎಂದು ಕೆಲವರು ಪಟಾಕಿ ಹೊಡೆದೂ ಆಯಿತು.

ಗುತ್ತಿಗೆ ಕಾರ್ಮಿಕರ ಕಡೆಯಿಂದ ಒಂದು ಮನವಿ ಕೊಡಬೇಕು. ನಾನು ಪದಾಧಿಕಾರಿ ಅಲ್ಲ. ಬರೆಯುವುದಕ್ಕೆ ಬರುತ್ತದೆ ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಒಂದೇ ಪುಟ ಇರಬೇಕಂತೆ, ಜಾಸ್ತಿ ಆದರೆ ಯಾರೂ ಓದುವುದಿಲ್ಲ.

ನಮ್ಮಲ್ಲೇ ಎರಡು ಗುಂಪಾಗಿದೆ. ಹಿರಿಯರು ದೊಡ್ಡದಾಗಿ ಕೇಳೋಣ ಅನ್ನುತ್ತಾರೆ: ಹೊಸ ಬಂಡವಾಳ, ಹೊಸ ಕುಲುಮೆ, ಸ್ವಂತ ಗಣಿ. ಇನ್ನೊಂದು ಗುಂಪು ಅದೆಲ್ಲ ಆಮೇಲೆ ಅನ್ನುತ್ತದೆ. ಖಾತೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಸಮಯದಲ್ಲಿ ಕೆಳಗಿನವರು ಯಾವ ಫೈಲಿಗೂ ಸಹಿ ಹಾಕುವುದಿಲ್ಲ. ಆ ನಡುವೆ ಗುತ್ತಿಗೆ ಅವಧಿ ಮುಗಿದರೆ ಮುಂದುವರಿಸುವವರು ಯಾರು? ಹಾಗಾಗಿ ಇರುವ ಕೆಲಸ ಇದ್ದ ಹಾಗೆ ಇರಲಿ ಎಂದು ಮೊದಲು ಬರೆಸಿಕೊಳ್ಳೋಣ ಎನ್ನುವುದು ಅವರ ವಾದ. ನನಗೂ ಇದೇ ಸರಿ ಅನಿಸುತ್ತಿದೆ. ನೀವೆಲ್ಲ ಏನನ್ನುತ್ತೀರಿ?

ಭದ್ರಾ ಎಡದಂಡೆ

ಮೊದಲ ಸಾಲು: 2023ರ ಜನವರಿಯ ಮುಚ್ಚುವ ತೀರ್ಮಾನ ವಾಪಸ್ ತೆಗೆದುಕೊಳ್ಳಿ. ಎರಡನೇ ಸಾಲು ಬೇಕಿಲ್ಲ.

ಕಾಗದನಗರ

ನಮ್ಮವರೇ ಮಂತ್ರಿ ಎಂದು ಕುಣಿಯುವವರು ಒಂದು ಸಲ ಕಾಗದನಗರದ ಕಡೆ ಬಂದು ಹೋಗಿ. ಇಲ್ಲಿನ ಕಾಗದ ಕಾರ್ಖಾನೆ ಎಂಪಿಎಂ 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾಯಿತು, 1977ರಲ್ಲಿ ಸರ್ಕಾರಿ ಕಂಪನಿ ಆಯಿತು, 2015ರಲ್ಲಿ ಯಂತ್ರ ನಿಂತಿತು. ಅಲ್ಲಿಂದ ಇಲ್ಲಿಯವರೆಗೆ ಸಿದ್ದರಾಮಯ್ಯ, ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ, ಮತ್ತೆ ಸಿದ್ದರಾಮಯ್ಯ. ಅದರಲ್ಲಿ ಒಬ್ಬರು ನಮ್ಮ ಜಿಲ್ಲೆಯವರೇ. ಕುರ್ಚಿ ಬದಲಾದಾಗೆಲ್ಲ ಪುನಶ್ಚೇತನ ಎಂಬ ಮಾತು ಕೇಳಿದ್ದೇವೆ. ಯಂತ್ರ ತಿರುಗಿಲ್ಲ.

ಹಾಗಾಗಿ ಹುಡುಗನ ಎರಡನೇ ಗುಂಪಿಗೆ ನನ್ನ ಮತ. ಆಸೆ ಕಡಿಮೆ ಇಟ್ಟುಕೊಳ್ಳಿ, ಕಾಗದ ಜಾಸ್ತಿ ಇಟ್ಟುಕೊಳ್ಳಿ.

ಶಿಕಾರಿಪುರ ಎಕ್ಸ್‌ಪ್ರೆಸ್

ಒಬ್ಬರೇನು, ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ನಮ್ಮದು. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ.

ಚನ್ನಗಿರಿ ಕೆರೆ

ಪಟೇಲರು ನಮ್ಮ ಚನ್ನಗಿರಿಯವರು. 1997ರಿಂದ ನಾವು ದಾವಣಗೆರೆ ಜಿಲ್ಲೆ. ಲೆಕ್ಕ ಸರಿ ಮಾಡಿಕೊಳ್ಳಿ.

ಶಿಕಾರಿಪುರ ಎಕ್ಸ್‌ಪ್ರೆಸ್

ಅವರು ಮುಖ್ಯಮಂತ್ರಿ ಆಗಿದ್ದು 1996ರಲ್ಲಿ. ಆಗ ಚನ್ನಗಿರಿ ಯಾವ ಜಿಲ್ಲೆಯಲ್ಲಿತ್ತು ಸ್ವಾಮಿ? 😄

ಲೆಕ್ಕದ ಮೇಷ್ಟ್ರು

ಜಿಲ್ಲೆ ಜಗಳ ಪಕ್ಕಕ್ಕಿಡಿ. ನಮ್ಮ ವಿಷಯದಲ್ಲಿ ಲೆಕ್ಕ ಹಾಕಬೇಕಾದದ್ದು ಕೇಂದ್ರದ ಉಕ್ಕು ಮಂತ್ರಿಗಳನ್ನು. 2014ರಿಂದ ನೋಡಿ: ನರೇಂದ್ರ ಸಿಂಗ್ ತೋಮರ್, 2016ರಲ್ಲಿ ಬೀರೇಂದರ್ ಸಿಂಗ್, 2019ರಲ್ಲಿ ಧರ್ಮೇಂದ್ರ ಪ್ರಧಾನ್, 2021ರಲ್ಲಿ ಆರ್.ಸಿ.ಪಿ. ಸಿಂಗ್, 2022ರಲ್ಲಿ ಜ್ಯೋತಿರಾದಿತ್ಯ ಸಿಂಧಿಯಾ. ಈಗಿನವರು ಆರನೆಯವರು. ಹತ್ತು ವರ್ಷ, ಆರು ಜನ. ಒಬ್ಬರಿಗೆ ಫೈಲು ಅರ್ಥ ಆಗುವ ಹೊತ್ತಿಗೆ ಇನ್ನೊಬ್ಬರು ಬಂದಿರುತ್ತಾರೆ.

ಈಗ ಅದರ ಪಕ್ಕದಲ್ಲಿ ಕಾರ್ಖಾನೆಯ ತಾರೀಕು ಇಟ್ಟು ನೋಡಿ. 2016ರ ಅಕ್ಟೋಬರ್‌ನಲ್ಲಿ ಮಾರುವುದಕ್ಕೆ ಕೇಂದ್ರ ಸಂಪುಟ ಸಮಿತಿಯ ತಾತ್ವಿಕ ಒಪ್ಪಿಗೆ. 2019ರ ಜುಲೈನಲ್ಲಿ ಕೊಳ್ಳುವವರಿಗೆ ಆಹ್ವಾನ. 2022ರ ಅಕ್ಟೋಬರ್‌ನಲ್ಲಿ ಕೊಳ್ಳುವವರಿಲ್ಲ ಎಂದು ಅದು ರದ್ದು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ. ಮಂತ್ರಿ ಬದಲಾದಾಗ ಫೈಲು ನಿಲ್ಲಲಿಲ್ಲ, ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು. ಅದಕ್ಕೇ ಹೇಳುವುದು, ಮಂತ್ರಿ ಯಾರು ಎಂಬುದಕ್ಕಿಂತ ಫೈಲು ಯಾರ ಮೇಜಿನಲ್ಲಿದೆ ಎಂದು ಹುಡುಕಿ.

ಜಂಕ್ಷನ್ ಬೋರ್ಡ್

ಹಾಗಾದರೆ ಪಟಾಕಿ ದುಡ್ಡು ದಂಡ.

ಮಾಚೇನಹಳ್ಳಿ ಫೌಂಡ್ರಿ

ನಾನು ಸಣ್ಣ ಎರಕದ ಘಟಕ ನಡೆಸುವವನು, ಯೂನಿಯನ್ ಕಂಡರೆ ಅಷ್ಟೇನೂ ಪ್ರೀತಿ ಇಲ್ಲ. ಆದರೂ ಹೇಳುತ್ತೇನೆ. 2016ರಲ್ಲಿ ಮಾರಾಟದ ಪಟ್ಟಿಯಲ್ಲಿ ನಮ್ಮದೊಂದೇ ಇರಲಿಲ್ಲ. ದುರ್ಗಾಪುರದ ಮಿಶ್ರ ಉಕ್ಕು ಕಾರ್ಖಾನೆ, ಸೇಲಂ ಉಕ್ಕು ಕಾರ್ಖಾನೆ ಕೂಡ ಇದ್ದವು. ಅವೆರಡರ ಮಾರಾಟವೂ ನಿಂತಿತು, ಅವು ನಡೆಯುತ್ತಿವೆ. ಭದ್ರಾವತಿಗೆ ಮಾತ್ರ ಮುಚ್ಚುವ ಮಾತು. ಯಾಕೆ ಎಂದು ಒಂದು ಸಲ ತಣ್ಣಗೆ ಕೂತು ಯೋಚಿಸಿ.

ಅದಿರು. ಅಷ್ಟೇ. ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ತಣಿಗೆಬೈಲಿಗೆ ಅದಿರು ಇಳಿಯುತ್ತಿದ್ದ ಕಾಲದಲ್ಲಿ ಈ ಕಾರ್ಖಾನೆಗೆ ಒಂದು ಅರ್ಥ ಇತ್ತು. ಆ ಗಣಿ ನಿಂತ ಮೇಲೆ ಪೇಟೆಯಲ್ಲಿ ಅದಿರು ಕೊಂಡು, ಸಾಗಣೆ ಕೊಟ್ಟು, ಹಳೇ ಕುಲುಮೆಯಲ್ಲಿ ಕರಗಿಸಿ, ದೊಡ್ಡ ಕಾರ್ಖಾನೆಗಳ ಬೆಲೆಗೆ ಮಾರಬೇಕು. ಹೇಗೆ ಸಾಧ್ಯ? ಸಂಡೂರಿನ ರಾಮನದುರ್ಗದಲ್ಲಿ ಗಣಿ ಕೊಡುತ್ತೇವೆ ಎಂದರು. ಅಲ್ಲಿಂದ ಅದಿರು ಮಾತ್ರ ಭದ್ರಾವತಿ ಮುಟ್ಟಲಿಲ್ಲ.

ನೀವು "ಇದ್ದ ಹಾಗೆ ಇರಲಿ" ಎಂದು ಬರೆಸಿಕೊಂಡರೆ ಇರುವುದೇನು? ನಷ್ಟ. ಅದನ್ನು ಸ್ಥಿರ ಮಾಡಿಕೊಳ್ಳುತ್ತೀರಾ? ಗಣಿ ಕೇಳಿ. ಕನ್ನಡದ ಮಂತ್ರಿಯಿಂದ ಏನಾದರೂ ಉಪಯೋಗ ಇದ್ದರೆ ಅದು ರಾಜ್ಯ ಮತ್ತು ಕೇಂದ್ರದ ನಡುವಿನ ಆ ಗಣಿ ಫೈಲಿನಲ್ಲಿ ಮಾತ್ರ.

ಭದ್ರಾ ಎಡದಂಡೆ

ರಾಜ್ಯದಲ್ಲಿ ಒಂದು ಪಕ್ಷ, ಕೇಂದ್ರದಲ್ಲಿ ಇನ್ನೊಂದು. ಗಣಿ ಫೈಲು ಫುಟ್‌ಬಾಲ್ ಆಗುವುದು ಗ್ಯಾರಂಟಿ. ಅಲ್ಲಿಯವರೆಗೆ ಗೇಟಿನ ಒಳಗೆ ಇರುವವರು ಏನು ತಿನ್ನಬೇಕು?

ಮಾಚೇನಹಳ್ಳಿ ಫೌಂಡ್ರಿ

ನನ್ನ ಘಟಕದಲ್ಲಿ ಆರ್ಡರ್ ಇಲ್ಲದ ತಿಂಗಳು ನಾನೇನು ತಿನ್ನುತ್ತೇನೋ ಅದನ್ನೇ.

ಎಂಟನೇ ಗೇಟು

ನಿಮಗೆ ಘಟಕ ಇದೆ ಸಾರ್. ಮಾರಿಯಾದರೂ ತಿನ್ನಬಹುದು.

ಹಳೇ ಫೋರ್ಜ್

ನಿವೃತ್ತಿಯಾದವನು, ಸಮಯ ಬೇಕಾದಷ್ಟಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹಸ್ತಾಂತರ ಎಂದರೆ ಏನೋ ಹೊಸ ಗಂಡಾಂತರ ಎನ್ನುವ ಹಾಗೆ ಮಾತಾಡುತ್ತಿದ್ದೀರಿ. ಈ ಕಾರ್ಖಾನೆ ಹುಟ್ಟಿದ್ದೇ ಹಸ್ತಾಂತರದ ನಡುವೆ. 1918ರಲ್ಲಿ ಕೆಲಸ ಶುರುವಾಯಿತು. ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಕನಸು ಕಂಡವರೇ ಹೋದ ಮೇಲೆ ಮುಂದಿನವರು "ಇದು ಅವರ ಗೀಳು" ಎಂದು ಕೈಬಿಡಬಹುದಿತ್ತು. ಕಾಂತರಾಜೇ ಅರಸ್ ದಿವಾನರಾದರು, ಆಮೇಲೆ ಬ್ಯಾನರ್ಜಿ ಬಂದರು, ಕೆಲಸ ನಿಲ್ಲಲಿಲ್ಲ. 1923ರಲ್ಲಿ ಕಬ್ಬಿಣ ಹರಿಯಿತು. ಲೆಕ್ಕ ಏರುಪೇರಾದಾಗ ಅದೇ ವಿಶ್ವೇಶ್ವರಯ್ಯನವರನ್ನೇ ಕರೆಸಿ 1923ರಿಂದ 1929ರವರೆಗೆ ಮಂಡಳಿಯ ಅಧ್ಯಕ್ಷರನ್ನಾಗಿ ಕೂರಿಸಿದರು. ನಷ್ಟ ಆಗುತ್ತಿದೆ, ಮುಚ್ಚಿ ಎಂದು ಆಗಲೂ ಹೇಳುವವರಿದ್ದರು. ಅರಮನೆ ಕೇಳಲಿಲ್ಲ.

ಆಮೇಲೆ ಮಹಾರಾಜರ ಸರ್ಕಾರ ಹೋಗಿ ಪ್ರಜಾ ಸರ್ಕಾರ ಬಂತು. 1956ರಲ್ಲಿ ರಾಜ್ಯವೇ ದೊಡ್ಡದಾಯಿತು. ಮೊದಲು ಮಲೆನಾಡಿನ ಕಾಡಿನ ಇದ್ದಿಲು, ಆಮೇಲೆ ಜೋಗದ ಕರೆಂಟು. ಒಡೆಯ ಬದಲಾದ, ಉರುವಲು ಬದಲಾಯಿತು, ಹಾಜರಿ ಪುಸ್ತಕ ಮಾತ್ರ ನಡೆದುಕೊಂಡು ಬಂತು.

ದೊಡ್ಡ ಕೈ ಬದಲಾವಣೆ ಆಗಿದ್ದು 1989ರಲ್ಲಿ, ರಾಜ್ಯದಿಂದ ಕೇಂದ್ರದ ಉಕ್ಕು ಕಂಪನಿ ಸೇಲ್‌ಗೆ. ಆ ವರ್ಷ ನೆನಪಿದೆಯಾ? ಏಪ್ರಿಲ್‌ನಲ್ಲಿ ಬೊಮ್ಮಾಯಿ ಸರ್ಕಾರ ವಜಾ ಆಯಿತು, ನವೆಂಬರ್ ಕೊನೆಯವರೆಗೆ ರಾಷ್ಟ್ರಪತಿ ಆಳ್ವಿಕೆ. ಎಸ್.ಆರ್. ಬೊಮ್ಮಾಯಿಯವರು, ಬಸವರಾಜ ಬೊಮ್ಮಾಯಿಯವರ ತಂದೆ. ಆಗ ನಮಗೆಲ್ಲ ಖುಷಿಯೇ. ಕೇಂದ್ರದ ಕಂಪನಿ, ಕೇಂದ್ರದ ಸಂಬಳ. 1998ರಲ್ಲಿ ಪೂರ್ತಿ ವಿಲೀನ ಆದಾಗಲೂ ಸಿಹಿ ಹಂಚಿದೆವು. ನಮ್ಮ ಸೇವೆ, ಗ್ರಾಚ್ಯುಟಿ, ಕ್ವಾರ್ಟರ್ಸ್ ಬಗ್ಗೆ ಬರಹದಲ್ಲಿ ಏನಿದೆ ಎಂದು ಸಂಘ ಆಗ ಸಾಲು ಸಾಲು ಓದಿತು. ಕಾರ್ಖಾನೆಯ ಬಗ್ಗೆ ಬರಹದಲ್ಲಿ ಏನಿದೆ ಎಂದು ಯಾರೂ ಓದಲಿಲ್ಲ. ಇಷ್ಟು ವರ್ಷ ನಡೆಸುತ್ತೇವೆ, ಇಷ್ಟು ಹಣ ಹಾಕುತ್ತೇವೆ, ಗಣಿ ಕೊಡುತ್ತೇವೆ ಎಂದು ಒಂದು ಷರತ್ತನ್ನು ಅವತ್ತೇ ಕೂಗಾಡಿ ಬರೆಸಬೇಕಿತ್ತು. ಕೈ ಬದಲಾಗುವ ಗಳಿಗೆಯಲ್ಲಿ ಮಾತ್ರ ಕಾರ್ಮಿಕನ ಮಾತಿಗೆ ಬೆಲೆ. ಸಹಿ ಬಿದ್ದ ಮೇಲೆ ಕೇಳಿದರೆ ನಿಮ್ಮ ಮನವಿ ಪರಿಶೀಲನೆಯಲ್ಲಿದೆ ಎಂಬ ಉತ್ತರ.

ನ್ಯೂಟೌನ್ ಹುಡುಗ

ಸಾರ್, ನಿಮ್ಮ ಕೊನೆಯ ಮಾತನ್ನು ನಾಳೆ ಸಭೆಯಲ್ಲಿ ಓದಿ ಹೇಳುತ್ತೇನೆ.

ಅಡಿಕೆ ಸಿಪ್ಪೆ

ಇದ್ದಿಲು ಎಂದಿರಿ. ನಮ್ಮ ಕಾಡು ಕಡಿದು ನಿಮ್ಮ ಕುಲುಮೆಗೆ ಹಾಕಿದ್ದು, ಆಮೇಲೆ ಕಾಗದಕ್ಕೆ ಅಕೇಶಿಯ, ನೀಲಗಿರಿ ನೆಟ್ಟಿದ್ದು. ಮಲೆನಾಡಿನವರು ಇದಕ್ಕೆ ಕಣ್ಣೀರು ಹಾಕಬೇಕಾ? ತೀರ್ಥಹಳ್ಳಿ ಕಡೆ ಯಾರಿಗೂ ಅಂಥ ದುಃಖ ಇಲ್ಲ.

ಕಾಗದನಗರ

ನಿಮ್ಮ ತೋಟಕ್ಕೆ ಸೊಪ್ಪಿನಬೆಟ್ಟದಿಂದ ಬರುವ ಸೊಪ್ಪು ಎಲ್ಲಿಂದ ಬಂತು ಸ್ವಾಮಿ, ದೆಹಲಿಯಿಂದಲಾ?

ಅಡಿಕೆ ಸಿಪ್ಪೆ

ಸೊಪ್ಪು ಕಡಿದರೆ ಮರ ಮತ್ತೆ ಚಿಗುರುತ್ತದೆ. ಅಕೇಶಿಯ ಕೆಳಗೆ ಒಂದು ಹುಲ್ಲು ಬರುತ್ತದಾ ತೋರಿಸಿ.

ನಿರ್ವಾಹಕರು

ಅಕೇಶಿಯಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಪಕ್ಷದ ಹೆಸರು ಹಿಡಿದು ಬೈದಿದ್ದ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಚುನಾವಣೆ ಮುಗಿದಿದೆ, ದಯವಿಟ್ಟು ಉಸಿರು ಬಿಡಿ.

ಕರಿಕೋಟು

ಕಾರ್ಮಿಕ ಕಾನೂನು ನೋಡುವವನು. ಸಭೆಗೆ ಹೋಗುವ ಮುಂಚೆ ಕೆಲವು ವಿಷಯ ತಿಳಿದಿರಲಿ.

"ಇದ್ದ ಹಾಗೆ ಇರಲಿ" ಎಂದು ಮಂತ್ರಿಯ ಬಳಿ ಬೇಡುವ ಅಗತ್ಯ ಅಷ್ಟಿಲ್ಲ. ಈಗ, 2024ರಲ್ಲಿ, ಜಾರಿಯಲ್ಲಿರುವ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸೆಕ್ಷನ್ 33 ಇದೆ. ವಿವಾದವನ್ನು ಸಂಧಾನಾಧಿಕಾರಿಯ ಮುಂದೆ ತಂದು ಪ್ರಕ್ರಿಯೆ ನಡೆಯುತ್ತಿದ್ದರೆ, ಆ ವಿವಾದಕ್ಕೆ ಸಂಬಂಧಿಸಿದ ಕೆಲಸದ ಷರತ್ತನ್ನು ಕಾರ್ಮಿಕರಿಗೆ ತೊಂದರೆಯಾಗುವಂತೆ ಮಾಲೀಕರು ಅನುಮತಿ ಇಲ್ಲದೆ ಬದಲಿಸುವಂತಿಲ್ಲ. ನಮ್ಮದು ಕೇಂದ್ರದ ಉದ್ಯಮ, ಹಾಗಾಗಿ ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಬೇಕು. ಶಿವಮೊಗ್ಗದ ರಾಜ್ಯ ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟು ಕಾದು ಕೂತವರನ್ನು ನೋಡಿದ್ದೇನೆ.

ಮುಚ್ಚುವುದಕ್ಕೂ ದಾರಿ ಇದೆ. 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಸೆಕ್ಷನ್ 25-ಒ ಪ್ರಕಾರ 90 ದಿನ ಮುಂಚೆ ಸರ್ಕಾರದ ಅನುಮತಿ ಕೇಳಬೇಕು. ಇಲ್ಲೊಂದು ಮುಳ್ಳಿದೆ. ಅರ್ಜಿ ಬಿದ್ದ 60 ದಿನದಲ್ಲಿ ಸರ್ಕಾರ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಿತು ಎಂದೇ ಲೆಕ್ಕ. ಅಂದರೆ ಖಾತೆ ಕೈ ಬದಲಾಗುವ ಗದ್ದಲದಲ್ಲಿ ಯಾರೂ ಏನೂ ಮಾಡದೆ ಸುಮ್ನೆ ಕೂತರೂ ಕಾರ್ಖಾನೆಯ ಬಾಗಿಲು ಮುಚ್ಚಬಹುದು. ಹಸ್ತಾಂತರದಲ್ಲಿ ಹೆದರಬೇಕಾದದ್ದು ಇದಕ್ಕೆ. 2020ರ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದರೆ 100 ಎನ್ನುವುದು 300 ಆಗುತ್ತದೆ, 2024ರ ಜೂನ್‌ವರೆಗೆ ಬಂದಿಲ್ಲ (ನಂತರದ ಟಿಪ್ಪಣಿ: ಹೊಸ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು; 1947ರ ಮತ್ತು 1970ರ ಕಾಯ್ದೆಗಳ ಜಾಗದಲ್ಲಿ ಈಗ ಅವೇ ಇವೆ).

ಗುತ್ತಿಗೆಯವರಿಗೆ ಕಹಿ ಮಾತು. ಗುತ್ತಿಗೆ ಅವಧಿ ತಾನಾಗಿ ಮುಗಿದರೆ ಸೆಕ್ಷನ್ 33 ಹಿಡಿದು ನಿಲ್ಲಿಸುವುದು ಕಷ್ಟ. ಕಾಯಂ ವಿಚಾರದಲ್ಲಿ 2001ರ ಸುಪ್ರೀಂ ಕೋರ್ಟ್ ತೀರ್ಪೇ ದಾರಿ. ತಮಾಷೆ ಎಂದರೆ ಆ ಮೊಕದ್ದಮೆಯಲ್ಲಿ ಒಂದು ಕಡೆ ಇದ್ದದ್ದು ಸೇಲ್ ಕಂಪನಿಯೇ. ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಯಾರೂ ತಾನಾಗಿ ಕಾಯಂ ಆಗುವುದಿಲ್ಲ ಎಂದಿತು ಕೋರ್ಟ್. ಆದರೆ ಮುಂದೆ ಆ ಕೆಲಸಕ್ಕೆ ಕಾಯಂ ನೇಮಕ ಮಾಡಿದರೆ ಹಳೇ ಗುತ್ತಿಗೆ ಕಾರ್ಮಿಕರಿಗೆ ಆದ್ಯತೆ ಕೊಡಬೇಕು, ವಯಸ್ಸು ಸಡಿಲಿಸಬೇಕು ಎಂದೂ ಹೇಳಿತು. ಕಾರ್ಖಾನೆ ಮತ್ತೆ ಎದ್ದರೆ ಆ ಆದ್ಯತೆ ಯಾರಿಗೆ? ಪಟ್ಟಿ ಇದೆಯಾ ನಿಮ್ಮ ಬಳಿ?

ನ್ಯೂಟೌನ್ ಹುಡುಗ

ಪಟ್ಟಿ ಇದೆ. ಎಲ್ಲರ ಬಳಿ ಗೇಟ್ ಪಾಸ್ ಪ್ರತಿ ಇಲ್ಲ. ಗುತ್ತಿಗೆದಾರರು ಬದಲಾದಾಗ ಹಳೇ ಪಾಸ್ ವಾಪಸ್ ಕೊಟ್ಟು ಬಿಟ್ಟಿದ್ದಾರೆ ಕೆಲವರು.

ಕರಿಕೋಟು

ಪಾಸ್ ಇಲ್ಲದಿದ್ದರೆ ಪಿಎಫ್ ಪಾಸ್‌ಬುಕ್, ಇಎಸ್‌ಐ ಚೀಟಿ, ಬ್ಯಾಂಕಿಗೆ ಬಂದ ಸಂಬಳದ ವಿವರ. ಯಾವುದಾದರೂ ಸರಿ. ಈ ವಾರವೇ ಒಟ್ಟು ಮಾಡಿ.

ಹೊಸಮನೆ ಅಕ್ಕ

ಪಿಎಫ್ ಪಾಸ್‌ಬುಕ್ ಎಂದಿರಲ್ಲ, ಹೊಟ್ಟೆ ಉರಿಯುತ್ತದೆ. ನಮ್ಮ ಯಜಮಾನರು ಒಬ್ಬ ಗುತ್ತಿಗೆದಾರರ ಕೈಕೆಳಗೆ ವರ್ಷಗಟ್ಟಲೆ ದುಡಿದರು. ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರು. ಮಗಳ ಕಾಲೇಜಿಗೆ ಎಂದು ತೆಗೆಯಲು ಹೋದರೆ ಎಷ್ಟೋ ತಿಂಗಳು ಕಟ್ಟಿಯೇ ಇರಲಿಲ್ಲ. ಕೇಳೋಣ ಎಂದರೆ ಆ ಗುತ್ತಿಗೆ ಮುಗಿದು ಅವರು ಊರು ಬಿಟ್ಟಾಗಿತ್ತು.

ನೀವೆಲ್ಲ ಮಂತ್ರಿ, ಸಂಪುಟ, ಗಣಿ ಎಂದು ಮಾತಾಡುತ್ತೀರಿ. ನನಗೆ ಬೇಕಾದದ್ದು ಇಷ್ಟೇ: ಮುಂದಿನ ತಿಂಗಳು ಎಷ್ಟು ದಿನ ಕೆಲಸ ಎಂದು ಈ ತಿಂಗಳು ಗೊತ್ತಾಗಬೇಕು. ಸ್ವಸಹಾಯ ಸಂಘದ ಕಂತು ಕಟ್ಟಬೇಕು. ಹೊಸ ಬಂಡವಾಳ ಬಂದರೆ ಬರಲಿ, ಬೇಡ ಎನ್ನುವವರು ಯಾರು? ಅದು ಬರುವವರೆಗೆ ದಿನಸಿ ಅಂಗಡಿಯವನು ಸಾಲ ಕೊಡುವುದಿಲ್ಲ.

ಕರಿಕೋಟು

ಅಕ್ಕಾ, ಗುತ್ತಿಗೆದಾರ ಓಡಿ ಹೋದರೂ ಮೂಲ ಸಂಸ್ಥೆಯ ಹೊಣೆ ಹೋಗುವುದಿಲ್ಲ. ಪಿಎಫ್‌ನಲ್ಲೂ ಹಾಗೇ, ಕೂಲಿಯಲ್ಲೂ ಹಾಗೇ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಸೆಕ್ಷನ್ 21ರಲ್ಲಿದೆ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕರು ಕೊಟ್ಟು ಅವನ ಬಿಲ್ಲಿನಿಂದ ಹಿಡಿದುಕೊಳ್ಳಬೇಕು. ಸಂಬಳದ ಚೀಟಿ ಇದ್ದರೆ ಪಿಎಫ್ ಕಚೇರಿಗೆ ಬರಹದಲ್ಲಿ ದೂರು ಕೊಡಿ.

ಹೊಸಮನೆ ಅಕ್ಕ

ಚೀಟಿ ಇವೆ. ಅಕ್ಕಿ ಡಬ್ಬಿಯಲ್ಲಿ ಎಲ್ಲಾ ಇಟ್ಟಿದ್ದೇನೆ.

ಸಾಗರ ಬಸ್ ಸ್ಟ್ಯಾಂಡ್

ಬರೀ ಉಕ್ಕಿನವರ ಕಥೆ ಅಲ್ಲ ಇದು. ಸಾರಿಗೆ ನೌಕರರನ್ನು ನೋಡಿ. 2020ರ ಜನವರಿಯಿಂದ ಬರಬೇಕಿದ್ದ ಶೇ 15 ಹೆಚ್ಚಳ 2023ರ ಮಾರ್ಚ್‌ನಲ್ಲಿ, ಚುನಾವಣೆ ಹತ್ತಿರ ಬಂದಾಗ ಆದೇಶ ಆಯಿತು. ನಡುವಿನ 38 ತಿಂಗಳ ಬಾಕಿ? ಒಂದು ಸರ್ಕಾರ ಆದೇಶ ಮಾಡಿತು, ಇನ್ನೊಂದು ಬಂತು, 2024 ಆದರೂ ಬಾಕಿ ಅಲ್ಲೇ ಕೂತಿದೆ. ಹೊಸಬರು ಹಳಬರನ್ನು ತೋರಿಸುತ್ತಾರೆ.

ಎಂಟನೇ ಗೇಟು

ಅವರದು 38 ತಿಂಗಳಾ? ಸೇಲ್ ಕಾಯಂ ನೌಕರರದು 39. 2017ರ ಜನವರಿಯಿಂದ ಸಿಗಬೇಕಿದ್ದ ವೇತನ ಪರಿಷ್ಕರಣೆಗೆ 2021ರ ಅಕ್ಟೋಬರ್‌ನಲ್ಲಿ ಒಪ್ಪಂದ ಆಯಿತು. 2020ರ ಮಾರ್ಚ್‌ವರೆಗಿನ 39 ತಿಂಗಳ ಬಾಕಿ ಇನ್ನೂ ಬೇಡಿಕೆ ಪಟ್ಟಿಯಲ್ಲೇ ಇದೆ. ಒಂದು ತಿಂಗಳು ನಾವೇ ಮುಂದೆ 😀

ಸಾಗರ ಬಸ್ ಸ್ಟ್ಯಾಂಡ್

ಎರಡೂ ಸಂಘ ಸೇರಿ ಕೇಕ್ ಕತ್ತರಿಸಿ.

ವಿಶಾಖ ಎಕ್ಸ್‌ಪ್ರೆಸ್

ವಿಶಾಖಪಟ್ಟಣದವರನ್ನು ನೋಡಿ ಕಲಿಯಬೇಕು. 2021ರ ಜನವರಿಯಲ್ಲಿ ಪೂರ್ತಿ ಮಾರುವುದಕ್ಕೆ ಕೇಂದ್ರ ಒಪ್ಪಿತು. ಕಾರ್ಮಿಕರು ಬೀದಿಗೆ ಇಳಿದರು, ಇವತ್ತಿಗೂ ಮಾರುವುದಕ್ಕೆ ಆಗಿಲ್ಲ. ಅದೂ ಸೇಲ್ ಕಾರ್ಖಾನೆಯೇ ಅಲ್ವಾ? ಈಗ ಆಂಧ್ರದ ಸಂಸದರ ಬೆಂಬಲ ಇಲ್ಲದೆ ದೆಹಲಿ ಸರ್ಕಾರ ಇಲ್ಲ. ಅವರಿಗೆ ಸಿಕ್ಕಿದ್ದು ನಮಗೂ ಸಿಗಬೇಕು.

ಲೆಕ್ಕದ ಮೇಷ್ಟ್ರು

ಸೇಲ್ ಅಲ್ಲ, ಅದು ರಾಷ್ಟ್ರೀಯ ಇಸ್ಪಾತ್ ನಿಗಮ, ಬೇರೆ ಕಂಪನಿ. ಮಂತ್ರಾಲಯ ಮಾತ್ರ ಒಂದೇ. ಇನ್ನೊಂದು ವ್ಯತ್ಯಾಸ ಇದೆ. ಅಲ್ಲಿ ಹತ್ತು ಸಾವಿರಗಳ ಲೆಕ್ಕದಲ್ಲಿ ಜನ ಗೇಟಿನ ಮುಂದೆ ನಿಲ್ಲುತ್ತಾರೆ. ಇಲ್ಲಿ ಕಾಯಂ ನೌಕರರು ನಿವೃತ್ತಿ ಆಗುತ್ತಾ ಆಗುತ್ತಾ ಎಷ್ಟು ಉಳಿದಿದ್ದಾರೆ? ನಮ್ಮ ಹೋರಾಟಕ್ಕೆ ಬೆನ್ನೆಲುಬು ಆಗಿದ್ದದ್ದು ಗುತ್ತಿಗೆಯವರು. 2023ರಲ್ಲಿ ಟೆಂಟ್ ಹಾಕಿ ಕೂತವರೂ ಅವರೇ.

ಸೋಗಾನೆ ಲ್ಯಾಂಡಿಂಗ್

ಆ ಟೆಂಟ್ ಇದ್ದಾಗಲೇ ಫೆಬ್ರುವರಿ 27ಕ್ಕೆ ನಮ್ಮ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು. ಕಾರ್ಖಾನೆ ಮುಚ್ಚುವ ಸುದ್ದಿ ಬಂದ ಮುಂದಿನ ತಿಂಗಳು. ಕಬ್ಬಿಣದ ಊರಿಗೆ ರೆಕ್ಕೆ ಬಂತು ಎಂದು ನಮ್ಮ ಮನೆಯಲ್ಲಿ ಜೋಕು.

ಜಂಕ್ಷನ್ ಬೋರ್ಡ್

ಅದೇ 2023ರಲ್ಲಿ ಕಾರ್ಖಾನೆಯ ಬಾರ್ ಮಿಲ್ (ಉಕ್ಕಿನ ಸರಳು ಮಾಡುವ ಘಟಕ) ಮತ್ತೆ ತಿರುಗಿತು ಎಂಬುದನ್ನೂ ಹೇಳಿ. ಟೆಂಟ್ ಹಾಕಿದ್ದು ದಂಡ ಆಗಲಿಲ್ಲ.

ಕಳಸದ ಕಡೆಯವ

ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನೋಡಿದ್ದೀರಾ ಯಾರಾದರೂ? ಅದೂ ಉಕ್ಕು ಮಂತ್ರಾಲಯದ್ದೇ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು, 2005ರ ಕೊನೆಗೆ ಗಣಿ ಬಂದ್. ಅಲ್ಲಿ ಕಾಡು ಉಳಿಯಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುವುದು ಬೇರೆ. ತೀರ್ಪಿಗೂ ಬಂದ್‌ಗೂ ನಡುವೆ ಮೂರು ವರ್ಷ ಸಿಕ್ಕಿತ್ತು. ತಾರೀಕು ಎಲ್ಲರಿಗೂ ಗೊತ್ತಿತ್ತು. ಮಕ್ಕಳ ಶಾಲೆ, ಮನೆ, ವರ್ಗಾವಣೆ ಎಲ್ಲ ಯೋಚನೆ ಮಾಡುವುದಕ್ಕೆ ಕಾಲ ಇತ್ತು. ಕೆಟ್ಟ ಸುದ್ದಿಯಾದರೂ ತಾರೀಕಿನ ಜೊತೆ ಬಂದರೆ ಮನುಷ್ಯ ಬದುಕಿಕೊಳ್ಳುತ್ತಾನೆ. ಭದ್ರಾವತಿಯಲ್ಲಿ 2016ರಿಂದ ಮಾರುತ್ತೇವೆ, ಇಲ್ಲ, ಮುಚ್ಚುತ್ತೇವೆ, ಇಲ್ಲ, ನಡೆಸುತ್ತೇವೆ. ಇದು ಯಾವ ನ್ಯಾಯ?

ಭದ್ರಾ ಎಡದಂಡೆ

ಅಂದರೆ ಮುಚ್ಚುವ ತಾರೀಕು ಕೇಳಬೇಕಾ? ಒಳ್ಳೆ ಸಲಹೆ ಕೊಟ್ಟಿರಿ.

ಕಳಸದ ಕಡೆಯವ

ಏನು ತೀರ್ಮಾನವೋ ಅದಕ್ಕೆ ತಾರೀಕು ಕೇಳಿ. ಓದಿ ಉತ್ತರ ಕೊಡಿ.

ಎಂಟನೇ ಗೇಟು

ಅಪ್ಪಾಜಿಗೌಡರು ಇದ್ದಿದ್ದರೆ ಈ ಮನವಿ ಪುರಾಣ ಬೇಕಿರಲಿಲ್ಲ. ಕಾರ್ಖಾನೆ ಕಾರ್ಮಿಕರಾಗಿ, ಯೂನಿಯನ್ ಮುಖಂಡರಾಗಿ, ಶಾಸಕರಾದವರು. ಈಗ ಆ ಥರ ಯಾರಿದ್ದಾರೆ?

ಕಾಗದನಗರ

ಅವರಿದ್ದಾಗಲೂ ಎಂಪಿಎಂ ನಿಂತಿತು. ಒಬ್ಬ ಮನುಷ್ಯನ ಮೇಲೆ ಭಾರ ಹಾಕಿ ಕೂರುವ ಚಟವೇ ನಮ್ಮ ಊರನ್ನು ಕೆಡಿಸಿದ್ದು. ಮೊದಲು ವಿಶ್ವೇಶ್ವರಯ್ಯ, ಆಮೇಲೆ ಅಪ್ಪಾಜಿಗೌಡ, ಈಗ ಕುಮಾರಣ್ಣ.

ಕಾಗೋಡು ಕೊಳಗ

ಹೋರಾಟಕ್ಕೆ ತಾಳ್ಮೆ ಬೇಕು. ನಮ್ಮ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದದ್ದು ಭತ್ತ ಅಳೆಯುವ ಕೊಳಗದ ಅಳತೆಯ ವಿಚಾರಕ್ಕೆ. ಲೋಹಿಯಾ ಬಂದರು, ಬಂಧನವಾಯಿತು, ದೇಶವೇ ನೋಡಿತು. ಆದರೂ ಉಳುವವನಿಗೆ ನೆಲ ಗಟ್ಟಿಯಾಗಿ ಸಿಕ್ಕಿದ್ದು 1974ರ ಭೂಸುಧಾರಣೆಯಲ್ಲಿ. ನಡುವೆ ಕೆ.ಸಿ. ರೆಡ್ಡಿಯವರಿಂದ ದೇವರಾಜ ಅರಸರವರೆಗೆ ಎಷ್ಟು ಜನ ಮುಖ್ಯಮಂತ್ರಿಗಳು ಬಂದು ಹೋದರು! ಸಂಘ ಚದುರಲಿಲ್ಲ.

ಹೊಸಮನೆ ಅಕ್ಕ

23 ವರ್ಷ ಕಾಯುವುದಕ್ಕೆ ಅವರಿಗೆ ಗದ್ದೆಯಲ್ಲಿ ಭತ್ತವಾದರೂ ಇತ್ತು ಅಣ್ಣಾ.

ಮಾಚೇನಹಳ್ಳಿ ಫೌಂಡ್ರಿ

ಅಕ್ಕನ ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಆದರೂ ಗಣಿ ಸಾಲು ಬಿಡಬೇಡಿ. ಕೊನೆಗಾದರೂ ಹಾಕಿ.

ನ್ಯೂಟೌನ್ ಹುಡುಗ

ಎಲ್ಲರ ಮಾತು ಕೇಳಿ ಒಂದು ಕರಡು ಮಾಡಿದ್ದೇನೆ. ಹಾರ, ತುರಾಯಿ, "ಕನ್ನಡದ ಹೆಮ್ಮೆಯ ಪುತ್ರ" ಎಲ್ಲ ತೆಗೆದಿದ್ದೇನೆ. ಇಷ್ಟಿದೆ:

ಮುಚ್ಚುವ ತೀರ್ಮಾನ ಈಗ ಜಾರಿಯಲ್ಲಿದೆಯೇ ಇಲ್ಲವೇ ಎಂದು ಬರಹದಲ್ಲಿ ತಿಳಿಸಬೇಕು. ಮುಂದಿನ ತೀರ್ಮಾನ ಆಗುವವರೆಗೆ ಈಗಿರುವ ಯಾವ ಗುತ್ತಿಗೆಯೂ ಮಧ್ಯದಲ್ಲಿ ನಿಲ್ಲಬಾರದು, ಮುಗಿಯುವುದಿದ್ದರೆ ಒಂದು ತಿಂಗಳು ಮುಂಚೆ ನವೀಕರಿಸಬೇಕು. ತಿಂಗಳಿಗೆ ಎಷ್ಟು ದಿನ ಕೆಲಸ ಎಂದು ಹಿಂದಿನ ತಿಂಗಳೇ ನೋಟಿಸ್ ಬೋರ್ಡಿಗೆ ಹಾಕಬೇಕು. ಇಷ್ಟು ವರ್ಷ ದುಡಿದ ಗುತ್ತಿಗೆ ಕಾರ್ಮಿಕರ ಪಟ್ಟಿಗೆ ಆಡಳಿತ ಮಂಡಳಿಯ ಮುದ್ರೆ ಬೀಳಬೇಕು, ಮುಂದೆ ನೇಮಕ ಆದರೆ ಆ ಪಟ್ಟಿಗೇ ಆದ್ಯತೆ. ಕೊನೆಗೆ ರಾಮನದುರ್ಗದ ಗಣಿ, ಬಂಡವಾಳ.

ಹಿರಿಯರಿಗೆ ಸ್ವಲ್ಪ ಬೇಜಾರಾಗಿದೆ, ಬಂಡವಾಳ ಕೊನೆಗೆ ಹೋಯಿತು ಎಂದು.

ಕರಿಕೋಟು

ಚೆನ್ನಾಗಿದೆ. ಇದರ ಪ್ರತಿಯನ್ನು ಅದೇ ದಿನ ಕೇಂದ್ರ ಕಾರ್ಮಿಕ ಆಯುಕ್ತರಿಗೆ ವಿವಾದವಾಗಿಯೂ ಸಲ್ಲಿಸಿ. ಮಂತ್ರಿ ಕೈಗೆ ಕೊಟ್ಟದ್ದು ಫೋಟೋಗೆ, ಆಯುಕ್ತರಿಗೆ ಕೊಟ್ಟದ್ದು ಕೆಲಸಕ್ಕೆ. ಸ್ವೀಕೃತಿ ಮುದ್ರೆ ಮರೆಯಬೇಡಿ.

ಲೆಕ್ಕದ ಮೇಷ್ಟ್ರು

ಸೇಲ್ ಅಧ್ಯಕ್ಷರಿಗೂ ಒಂದು ಪ್ರತಿ ಹೋಗಲಿ. ಮುಚ್ಚುವ ತೀರ್ಮಾನ ಮಾಡಿದ್ದು ಅವರ ಮಂಡಳಿ. ಮಂತ್ರಿ ಮತ್ತೆ ಬದಲಾದರೂ ಆ ಕಚೇರಿ ಅಲ್ಲೇ ಇರುತ್ತದೆ.

ಹಳೇ ಫೋರ್ಜ್

ಸಹಿ ಯಾರದು? ಗುತ್ತಿಗೆ ಸಂಘ ಒಂದೇ ಹಾಕಿದರೆ ಸಾಲದು. ಕಾಯಂ ಕಾರ್ಮಿಕರ ಸಂಘ, ನಿವೃತ್ತರ ಸಂಘ ಮೂರೂ ಒಂದೇ ಹಾಳೆಯಲ್ಲಿ ಬರಬೇಕು. ಇಲ್ಲದಿದ್ದರೆ ನೀವು ನೀವೇ ಮೊದಲು ಮಾತಾಡಿಕೊಂಡು ಬನ್ನಿ ಎಂದು ಕಳಿಸುತ್ತಾರೆ. ನಮ್ಮ ಕಾಲದಲ್ಲಿ ಹಾಗೆ ಕಳಿಸಿದ್ದಾರೆ.

ಎಂಟನೇ ಗೇಟು

ಕಾಯಂನವರು ಗುತ್ತಿಗೆಯವರ ಪಟ್ಟಿಗೆ ಸಹಿ ಹಾಕುತ್ತಾರಾ? ನನಗೆ ಅನುಮಾನ.

ಹಳೇ ಫೋರ್ಜ್

ಹಾಕಿಸೋಣ. ಅವರ 39 ತಿಂಗಳ ಬಾಕಿಯನ್ನೂ ಒಂದು ಸಾಲು ಸೇರಿಸಿ, ಆಗ ಪೆನ್ನು ತಾವೇ ತರುತ್ತಾರೆ.

ನ್ಯೂಟೌನ್ ಹುಡುಗ

ಸೇರಿಸಿದೆ. ಒಂದು ಪುಟ ದಾಟಿ ಎರಡು ಸಾಲು ಹಿಂದಕ್ಕೆ ಹೋಯಿತು, ಅಕ್ಷರ ಸಣ್ಣ ಮಾಡುತ್ತೇನೆ. ಅಕ್ಕಾ, ಆ ಅಕ್ಕಿ ಡಬ್ಬಿಯ ಚೀಟಿಗಳನ್ನು ಸಭೆಗೆ ತನ್ನಿ, ಝೆರಾಕ್ಸ್ ಸಂಘದ ಖರ್ಚು.